ಹತ್ತು ನಿಮಿಷದ ದೆವ್ವ

"ಡ್ರಾಕುಲಾ ನೋಡಿದ್ದೀಯೇನೋ?"

"ನೋಡಿದ್ದೀನಲ್ಲ! 1931ರದ್ದು ತಾನೇ? ಒಂಬತ್ತು ನಿಮಿಷ ನಲವತ್ತು ಸೆಕೆಂಡು," ಅಂದ ಗಿರಿ.

ಶಾಮಣ್ಣ ಬಾಯಿಗೆ ಹೊರಟಿದ್ದ ಕೋಡುಬಳೆಯನ್ನು ಅರ್ಧ ದಾರಿಯಲ್ಲೇ ತಡೆದ. "ಆ ಸಿನಿಮಾ 75 ನಿಮಿಷ ಇದೆ ಕಣೋ."

"ಪೂರ್ತಿ ಯಾರು ನೋಡ್ತಾರೆ ಶಾಮಣ್ಣ? ಯೂಟ್ಯೂಬಲ್ಲಿ ಕತೆ ಚಿಕ್ಕದಾಗಿ ಹೇಳೋ 'ಎಕ್ಸ್‌ಪ್ಲೇನ್ಡ್ ಇನ್ ಕನ್ನಡ' ವಿಡಿಯೋ ನೋಡಿದೆ. ಅದನ್ನೂ ಒಂದೂವರೆ ಸ್ಪೀಡಲ್ಲಿ ಇಟ್ಕೊಂಡಿದ್ದೆ."

"ಹಾಗಾದರೆ ಆರು ನಿಮಿಷ ಇಪ್ಪತ್ತೇಳು ಸೆಕೆಂಡು," ಅಂದರು ರಾಯರು. ರಿಟೈರಾಗಿ ಎಷ್ಟು ವರ್ಷವಾದರೂ ಬ್ಯಾಂಕು ಅವರ ಬೆರಳ ತುದಿಯಿಂದ ಇಳಿದಿಲ್ಲ.

"ಅಷ್ಟರಲ್ಲಿ ನಮ್ಮ ಕುಕ್ಕರು ಎರಡು ಕೂಗೂ ಕೂಗೂದಿಲ್ಲ," ಎಂದು ಒಳಗಿನಿಂದ ವಿಮಲಕ್ಕನ ದನಿ ಬಂತು.

"ಈ ವರ್ಷ ಇನ್ನೂರರ ಮೇಲೆ ಹಾರರ್ ಮುಗಿಸಿದ್ದೀನಿ ಗೊತ್ತಾ?"

"ಮುಗಿಸಿದ್ದೀಯ. ಮಾತು ಸರಿಯಾಗೇ ಬಂತು ನಿನ್ನ ಬಾಯಲ್ಲಿ," ಅಂದ ಶಾಮಣ್ಣ. "ಅಲ್ಲವೋ, ತಲೆಬುಡ ತಿಳಿಯದ ಚಿತ್ರಕ್ಕೆ ಯಾರಾದರೂ ಬಿಡಿಸಿ ಹೇಳಲಿ, ಒಪ್ಪೋಣ. ಡ್ರಾಕುಲಾದಲ್ಲಿ ತಿಳಿಯದೆ ಇರೋದು ಏನಿದೆ? ಒಬ್ಬ ಬರ್ತಾನೆ, ರಕ್ತ ಕುಡೀತಾನೆ, ಎದೆಗೆ ಗೂಟ ಹೊಡೀತಾರೆ, ಹೋಗ್ತಾನೆ."

"ನೋಡಿ, ನೀವು ಹತ್ತೇ ಸೆಕೆಂಡಲ್ಲಿ ಎಕ್ಸ್‌ಪ್ಲೇನ್ ಮಾಡಿಬಿಟ್ರಿ! ನಿಮಗೆ ಒಳ್ಳೇ ಚಾನೆಲ್ ಆಗುತ್ತೆ."

ರಾಯರು ನಕ್ಕಿದ್ದು ಶಾಮಣ್ಣನಿಗೆ ಹಿಡಿಸಲಿಲ್ಲ. ಕೋಡುಬಳೆ ತಟ್ಟೆಗೆ ವಾಪಸು ಹೋಯಿತು. ಅದು ಹಾಗೆ ವಾಪಸು ಹೋದರೆ ಸಂಜೆ ಉದ್ದವಾಗುತ್ತದೆ ಅಂತ ಜಗಲಿಗೆಲ್ಲ ಗೊತ್ತು.

"ಆರ್ಮಡಿಲ್ಲೊ ಕಂಡಿತೇನೋ ನಿನಗೆ?"

"ಯಾರದು, ಹೀರೋಯಿನ್ನಾ?"

"ರಾಮ ರಾಮ! ಕೋಟೆಯ ನೆಲಮಾಳಿಗೆ ಕಣೋ. ಶವಪೆಟ್ಟಿಗೆಗಳು ಮೆಲ್ಲಗೆ ತೆರೀತಾ ಇವೆ. ಮಾತಿಲ್ಲ, ಹಿನ್ನೆಲೆ ಸಂಗೀತ ಇಲ್ಲ. ಅಂಥಾ ಹೊತ್ತಲ್ಲಿ ಮೂಲೆಯಲ್ಲಿ ಆರ್ಮಡಿಲ್ಲೊಗಳು ಗುಡುಗುಡು ಅಂತ ಓಡಾಡ್ತವೆ. ಮೈತುಂಬ ಚಿಪ್ಪು, ನೋಡೋಕೆ ಹೆಚ್ಚುಕಮ್ಮಿ ನಮ್ಮ ಚಿಪ್ಪುಹಂದಿ ಹಾಗೆ. ಅದು ಇರೋದು ಅಮೆರಿಕದ ಕಡೆ. ಯುರೋಪಿನ ಟ್ರಾನ್ಸಿಲ್ವೇನಿಯಾದಲ್ಲಿರೋ ಡ್ರಾಕುಲಾ ಕೋಟೆಗೆ ಅದು ಯಾವ ಬಸ್ಸು ಹಿಡಿದು ಬಂತು? ಎಕ್ಸ್‌ಪ್ಲೇನ್ ಮಾಡಬೇಕಾದ್ದು ಅಂತ ಆ ಚಿತ್ರದಲ್ಲಿ ಏನಾದರೂ ಇದ್ದರೆ ಅದೊಂದೇ. ನಿಮ್ಮೋನು ಅದನ್ನೇ ಕತ್ತರಿಸಿ ಬಿಸಾಕಿದ್ದಾನೆ."

"ಕತೆಗೆ ಬೇಡವಲ್ಲ ಶಾಮಣ್ಣ ಅದು."

"ಕತೆಗೆ ಬೇಡದ್ದನ್ನೆಲ್ಲ ತೆಗೆದರೆ ಉಳಿಯೋದು ಪೊಲೀಸ್ ಎಫ್‌ಐಆರು. 'ಒಬ್ಬ ವ್ಯಕ್ತಿ ಒಂದು ಹಳೇ ಮನೆಗೆ ಹೋಗ್ತಾನೆ. ಅಲ್ಲಿ ಒಂದು ಬಾಗಿಲು ಇರುತ್ತೆ.' ಆಮೇಲೆ ಏನಂತಾನೆ ಅವನು? 'ವಿಡಿಯೋನ ಎಲ್ಲೂ ಸ್ಕಿಪ್ ಮಾಡದೆ ಕೊನೇವರೆಗೂ ನೋಡಿ ಫ್ರೆಂಡ್ಸ್!' ಅಲ್ಲವೋ, ಇಡೀ ಸಿನಿಮಾ ಸ್ಕಿಪ್ ಮಾಡಿದ ಮಹಾನುಭಾವ ತನ್ನ ಹತ್ತು ನಿಮಿಷ ಮಾತ್ರ ಸ್ಕಿಪ್ ಮಾಡಬೇಡಿ ಅಂತಾನಲ್ಲ!"

ವಿಮಲಕ್ಕ ಕಾಫಿ ತಂದಿಟ್ಟರು. "ಇವತ್ತು ಯಾಕೆ ಶಾಮಣ್ಣನಿಗೆ ಇಷ್ಟು ಕೋಪ ಮಾರಾಯ್ರೆ?"

"ಇವತ್ತು ಅಕ್ಟೋಬರ್ 27 ಅತ್ತಿಗೆ. ಜ್ಯಾಕರ್ಲಿ ಹೋದ ದಿನ. 2016ರಲ್ಲಿ, ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ, ತನ್ನ ಮನೆಯಲ್ಲೇ. ವರ್ಷ 98. ದೆವ್ವಗಳ ಹಬ್ಬ ಹ್ಯಾಲೋವೀನಿಗೆ ಇನ್ನು ನಾಲ್ಕೇ ದಿನ ಇತ್ತು. ಅಂಥವನಿಗೆ ಆ ನಾಲ್ಕು ದಿನ ಕೊಡಬಾರದಿತ್ತೇ ದೇವರು?"

"ಇಂಗ್ಲಿಷ್ ತಾರೀಖಿಗೆ ತಿಥಿ ಲೆಕ್ಕ ಹಾಕೋದಿಲ್ಲ ಕಣಯ್ಯ," ಅಂದರು ರಾಯರು. "ಮಾಸ, ಪಕ್ಷ ನೋಡಬೇಕು. ಅಂದಹಾಗೆ ಯಾರು ಇವನು? ನಿಮ್ಮ ಬೀಗರ ಕಡೆಯವನೋ?"

"ದೆವ್ವಗಳ ಕಡೆಯವನು. ಜಾನ್ ಜ್ಯಾಕರ್ಲಿ. ಫಿಲಡೆಲ್ಫಿಯಾದವನು, 1918ರಲ್ಲಿ ಹುಟ್ಟಿದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ್ದ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಸರಬರಾಜು ವಿಭಾಗದಲ್ಲಿದ್ದ."

"ಇಂಗ್ಲಿಷ್ ಸಾಹಿತ್ಯ ಓದಿ ದೆವ್ವವಾದನೋ? ನಮ್ಮಲ್ಲಿ ಮೇಷ್ಟ್ರಾಗ್ತಾರೆ."

"ಹುಡುಗರನ್ನ ಕೇಳಿ ನೋಡಿ ರಾಯರೇ, ಅಂಥಾ ವ್ಯತ್ಯಾಸವಿಲ್ಲ ಅಂತಾರೆ. ಇರಲಿ. ಆತ ಲೋಕಲ್ ಟೀವಿಯ ಒಂದು ಕೌಬಾಯ್ ನಾಟಕದಲ್ಲಿ ಚಿಕ್ಕಪುಟ್ಟ ಪಾರ್ಟು ಮಾಡ್ತಿದ್ದ. ಹೆಣ ಹೂಳೋನ ಪಾರ್ಟೂ ಇತ್ತು, ಅದಕ್ಕೊಂದು ಮೊಣಕಾಲುದ್ದದ ಕರೀ ಕೋಟು. ನಾಟಕ ನಿಂತುಹೋಯ್ತು, ಕೋಟು ಉಳೀತು. 1957ರಲ್ಲಿ ಸ್ಕ್ರೀನ್ ಜೆಮ್ಸ್ ಅನ್ನೋ ಕಂಪನಿ ಯೂನಿವರ್ಸಲ್ ಸ್ಟುಡಿಯೋದ 52 ಹಳೇ ಚಿತ್ರ ಒಟ್ಟುಮಾಡಿ 'ಶಾಕ್' ಅಂತ ಹೆಸರಿಟ್ಟು ಊರೂರ ಟೀವಿ ಸ್ಟೇಷನ್ನಿಗೆ ಮಾರಿತು. ಡ್ರಾಕುಲಾ, ಫ್ರ್ಯಾಂಕೆನ್‌ಸ್ಟೈನ್, ಮಮ್ಮಿ, ಕಣ್ಣಿಗೆ ಕಾಣದ ಮನುಷ್ಯ, ಎಲ್ಲ ಒಂದೇ ಕಟ್ಟಿನಲ್ಲಿ."

"52ಕ್ಕೆ 52 ದೆವ್ವವೇ?"

"ಎಲ್ಲಿ ಬಂತು? ಮಧ್ಯೆ ಮಧ್ಯೆ ಬರೀ ಪತ್ತೇದಾರಿ ಚಿತ್ರ ತುರುಕಿದ್ದರು. ದೆವ್ವ ಅಂತ ಕಾದು ಕೂತೋನಿಗೆ ಕೊನೆಗೆ ಬರ್ತಿದ್ದಿದ್ದು ಇನ್ಸ್‌ಪೆಕ್ಟರು. ರಾತ್ರಿ ಹನ್ನೊಂದೂ ಕಾಲರ ಮೇಲೆ ಅಂಥದ್ದನ್ನೆಲ್ಲ ಜನ ಯಾಕೆ ನೋಡ್ತಾರೆ? ಅದಕ್ಕೇ ಮಧ್ಯೆ ಬಂದು ಮಾತಾಡೋಕೆ ಒಬ್ಬೊಬ್ಬ ದೆವ್ವದ ಯಜಮಾನನನ್ನ ಕೂರಿಸಿದರು. ಫಿಲಡೆಲ್ಫಿಯಾದ ಹತ್ತನೇ ಚಾನೆಲ್ಲಿನವರು ಆ ಕೋಟಿನವನನ್ನ ಕರೆದರು."

"ಅಂದರೆ ದೂರದರ್ಶನದ ಉದ್ಘೋಷಕಿ ಹಾಗೆ ಅನ್ನು," ರಾಯರ ಮುಖ ಅರಳಿತು. "ಭಾನುವಾರ ಸಂಜೆ ಚಿತ್ರಕ್ಕೆ ಮುಂಚೆ ಬರ್ತಿದ್ದಳಲ್ಲ. ಜಡೆಗೆ ಗುಲಾಬಿ, ಮೈಸೂರು ಸಿಲ್ಕು. 'ಅಡಚಣೆಗಾಗಿ ಕ್ಷಮಿಸಿ' ಅನ್ನೋದನ್ನೂ ಎಷ್ಟು ಚೆನ್ನಾಗಿ ಅಂತಿದ್ದಳು."

ಒಳಕ್ಕೆ ಹೊರಟಿದ್ದ ವಿಮಲಕ್ಕ ಬಾಗಿಲಲ್ಲೇ ನಿಂತರು. "ಅವಳ ಸೀರೆ ಇನ್ನೂ ನೆನಪುಂಟಲ್ಲ ನಿಮಗೆ. ನಾನು ನಿನ್ನೆ ಉಟ್ಟ ಸೀರೆ ಯಾವ ಬಣ್ಣ ಹೇಳಿ ಕಾಂಬ."

ರಾಯರು ಕಾಫಿ ಲೋಟದೊಳಗೆ ಉತ್ತರ ಹುಡುಕಿದರು.

"ಉದ್ಘೋಷಕಿಯೇ ಅಂದ್ಕೊಳ್ಳಿ," ಶಾಮಣ್ಣ ಅವರನ್ನು ಉಳಿಸಿದ. "ಆದರೆ ಗುಲಾಬಿ ಬದಲು ಶವಪೆಟ್ಟಿಗೆ. ಅದರೊಳಗೆ ಅವನ ಹೆಂಡತಿ. ಮುಖ ಯಾವತ್ತೂ ತೋರಿಸಲಿಲ್ಲ. 'ಮೈ ಡಿಯರ್' ಅಂತ ಕರೀತಿದ್ದ, ಅಷ್ಟೇ."

"ಪೆಟ್ಟಿಗೆಯಲ್ಲಿದ್ದರೂ ಆ ಗಂಡ ಮಾತಾಡಿಸ್ತಿದ್ದನಲ್ಲ, ಪುಣ್ಯವಂತೆ," ಎಂದು ವಿಮಲಕ್ಕ ಒಳಗೆ ಹೋದರು.

"ಆ ಕಾರ್ಯಕ್ರಮದಲ್ಲಿ ಅವನ ಹೆಸರು ರೋಲಂಡ್. ಮರುವರ್ಷ ನ್ಯೂಯಾರ್ಕಿನ ಟೀವಿಗೆ ಹೋದ, ಅಲ್ಲಿ ತನ್ನ ಹೆಸರಲ್ಲೇ ಬಂದ. ಅವನಿಗಿಂತ ಮುಂಚೆ ಇದ್ದವರು ಇಲ್ಲ ಅಂತಲ್ಲ. ಲಾಸ್ ಏಂಜಲೀಸಿನಲ್ಲಿ 1954ರಲ್ಲೇ ವ್ಯಾಂಪೈರಾ ಅಂತ ಒಬ್ಬಳು ಶುರುಮಾಡಿದ್ದಳು. ಆದರೆ ಇವನು ಬೇರೆ ಜಾತಿ. ಲೈವ್ ಕಣಯ್ಯ, ಎಲ್ಲ ಆಗಿಂದಾಗ್ಗೆ. ಒಂದು ದಿನ ಆಪರೇಷನ್ ಅಂತಿಟ್ಟುಕೋ. ಮೇಜಿನ ಮೇಲೆ ಮಿದುಳು. ಮಿದುಳು ಅಂದರೆ ಏನು? ಹೂಕೋಸು. ರಕ್ತ ಅಂದರೆ? ಚಾಕಲೇಟ್ ಸಿರಪ್ಪು. ಟೀವಿ ಕಪ್ಪು ಬಿಳುಪು ತಾನೇ, ಕಂಡೋರು ಯಾರು? ಹೂಕೋಸನ್ನ ತಿರುಗಿಸಿ ತಿರುಗಿಸಿ ನೋಡಿ, ಬೆರಳು ಹಾಕಿ ಕಿತ್ತು, ಕಟುಮ್ ಅಂತ ಸದ್ದು ಬಂದ ಕೂಡಲೇ ತಾನೇ ಬೆಚ್ಚಿಬಿದ್ದು, ಆಮೇಲೆ ಗಂಟಲಾಳದಿಂದ ಒಂದು ನಗೆ. ಒಳ್ಳೇ ಮಿದುಳಿಗೆ ಅವನಷ್ಟು ಮರ್ಯಾದೆ ಯಾವ ಸರ್ಜನ್ನೂ ಕೊಟ್ಟಿರಲಾರ."

"ಗೋಬಿ ಮಂಚೂರಿ!" ಅಂದ ಗಿರಿ.

"ಹೌದು, ಆದರೆ ಅವನದ್ದು ಆರೋಗ್ಯಕ್ಕೆ ಒಳ್ಳೇದು. ನಮ್ಮ ಗಾಡಿಯವರು ಗೋಬಿಗೆ ಹಾಕ್ತಿದ್ದ ಕೆಂಪು ಬಣ್ಣಕ್ಕೆ ಹೆದರಿ 2024ರಲ್ಲಿ ಸರ್ಕಾರವೇ ನಿಷೇಧ ಹೇರಬೇಕಾಯ್ತು. ಜ್ಯಾಕರ್ಲಿ ರಕ್ತವನ್ನ ನೀನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನಬಹುದಿತ್ತು."

ಹೊರಗೆ ಗೇಟು ಕಿರುಗುಟ್ಟಿತು. ಎದುರಿನ ಅಪಾರ್ಟ್‌ಮೆಂಟಿನ ಮಕ್ಕಳ ದಂಡು, ಅಸೋಸಿಯೇಷನ್ ಲೆಕ್ಕದ ಹ್ಯಾಲೋವೀನು, ನಾಲ್ಕು ದಿನ ಮುಂಚೆಯೇ. ಒಂದು ಅಸ್ಥಿಪಂಜರ, ಎರಡು ಮಾಟಗಾತಿ, ಕೊನೆಯಲ್ಲಿ ಪ್ಯಾಂಟು ಎಳೆದುಕೊಳ್ಳುತ್ತ ಒಬ್ಬ ಪುಟಾಣಿ ಡ್ರಾಕುಲಾ. ಚಾಕಲೇಟ್ ಕೇಳಿದರು. ವಿಮಲಕ್ಕ ಒಬ್ಬೊಬ್ಬರಿಗೆ ಎರಡೆರಡು ಕೋಡುಬಳೆ ಕೊಟ್ಟರು. ಡ್ರಾಕುಲಾ ಪ್ಲಾಸ್ಟಿಕ್ ಹಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಸ್ವಂತ ಹಲ್ಲಿನಿಂದ ಕಚ್ಚಿ, "ಆಂಟಿ, ಖಾರ!" ಅಂತ ನೀರು ಕೇಳಿದ.

"ನಮ್ಮ ಕಾಲದಲ್ಲಿ ದೆವ್ವ ಬಾಗಿಲಿಗೆ ಬಂದರೆ ತಿಂಡಿ ಕೊಡ್ತಿರಲಿಲ್ಲ," ಅಂದರು ರಾಯರು. "ಬೆಂಗಳೂರಿನಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರಲ್ಲ, ಎಲ್ಲೆಲ್ಲೂ. ಅದು ಓದಿಕೊಂಡು ವಾಪಸು ಹೋಗ್ತಿತ್ತಂತೆ, ಮರುದಿನ ಬಂದರೆ ಮತ್ತೆ ಅದೇ. ನಮ್ಮ ಬ್ಯಾಂಕಿನಲ್ಲಿ ಸಾಲ ಕೇಳೋಕೆ ಬಂದೋರಿಗೂ ಅದನ್ನೇ ಹೇಳ್ತಿದ್ದೆವು."

"ಅಕ್ಷರ ಬಲ್ಲ ದೆವ್ವ ರಾಯರೇ ಅದು. ಈಗಿನವಾದರೆ ಬೋರ್ಡಿನ ಮುಂದೆ ನಿಂತು 'ಎಕ್ಸ್‌ಪ್ಲೇನ್ಡ್' ಇದೆಯಾ ಅಂತ ಹುಡುಕ್ತವೆ."

ಗಿರಿ ಫೋನಿನಿಂದ ತಲೆ ಎತ್ತಿದ. ಮಕ್ಕಳ ಗಲಾಟೆಯಲ್ಲಿ ಅವನು ಸುಮ್ಮನೆ ಕೂತಿರಲಿಲ್ಲ, ಜ್ಯಾಕರ್ಲಿಯ ಮೇಲೆ ಸಾಕ್ಷಿ ಕಲೆಹಾಕುತ್ತಿದ್ದ. "ಶಾಮಣ್ಣ, ಇಲ್ಲಿ ಏನೋ ಹಾಕಿದ್ದಾರೆ. ನಿಮ್ಮ ಈ ಜ್ಯಾಕರ್ಲಿ ಸಿನಿಮಾ ನಡೀತಾ ಇರೋವಾಗಲೇ ಮಧ್ಯೆ ನುಗ್ತಿದ್ದನಂತೆ? ಪಾತ್ರ ಬಾಗಿಲು ತೆಗೆದು ಒಳಗೆ ನೋಡಿದರೆ ಒಳಗೆ ಇವನೇ ಕಾಣ್ತಿದ್ದನಂತೆ?"

"ಹೌದು! ಅದೇ ಅವನ ಗಮ್ಮತ್ತು. ವಿಜ್ಞಾನಿ ಗಾಬರಿಯಿಂದ ಏನನ್ನೋ ದಿಟ್ಟಿಸಿ ನೋಡ್ತಾನೆ, ಟಕ್ ಅಂತ ನೋಡಿದರೆ ಜ್ಯಾಕರ್ಲಿ ಮುಖ. ಮತ್ತೆ ವಿಜ್ಞಾನಿ. ಆ ಹೊಲಿಗೆ ಗೊತ್ತೇ ಆಗ್ತಿರಲಿಲ್ಲ."

"ಹಾಗಾದರೆ ಬೇರೆಯವರ ಸಿನಿಮಾ ಕೆಡಿಸಿದವರಲ್ಲಿ ಅವನೇ ಮೊದಲನೆಯವನು. ನಮ್ಮ ಎಕ್ಸ್‌ಪ್ಲೇನರುಗಳಿಗೆ ಮೂಲಪುರುಷ!"

ರಾಯರು ಚಪ್ಪಾಳೆ ತಟ್ಟಿದರು. ಕಕ್ಷಿದಾರ ಯಾರೇ ಇರಲಿ, ಪಾಯಿಂಟು ಬಿದ್ದರೆ ಚಪ್ಪಾಳೆ ತಟ್ಟುವುದು ಅವರ ಸ್ವಭಾವ.

ಶಾಮಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಒಳಗೆ ಕೂಗಿದ. "ಅತ್ತಿಗೆ, ನಿಮ್ಮ ಕಡೆ ಯಕ್ಷಗಾನದಲ್ಲಿ ಬಣ್ಣದ ವೇಷ ಬಂದಾಗ ಹಾಸ್ಯಗಾರ ಏನು ಮಾಡ್ತಾನೆ?"

"ಅವನ ಕಾಲ ಹತ್ತಿರ ಹೋಗಿ ಬೀಳ್ತಾನೆ, ಕೆಣಕ್ತಾನೆ, ಓಡ್ತಾನೆ. ಬೆಳಗಿನ ಜಾವ ಮೂರು ಗಂಟೆಗೆ ಮಕ್ಕಳು ಎಚ್ಚರ ಇರೋದೇ ಅವನಿಂದ. ರಾಕ್ಷಸ ಬಂದ ಕೂಡಲೇ ನಾವು ಅಜ್ಜಿ ಸೆರಗಿನೊಳಗೆ. ಹಾಸ್ಯಗಾರ ಮಾತಾಡಿದ ಕೂಡಲೇ ಹೊರಗೆ."

"ಅವನು ಪ್ರಸಂಗ ಕೆಡಿಸಿದ ಅಂತ ಯಾರಾದರೂ ಅಂದದ್ದುಂಟೇ?"

"ಯಾರು ಅಂತಾರೆ? ಅವನು ಬರದ ದಿನ ಮೇಳದವರನ್ನೇ ಬೈತಿದ್ದರು."

"ಕೇಳಿಸ್ಕೊಂಡೆಯಾ? ಹಾಸ್ಯಗಾರ ಬಂದು ಹೋದಮೇಲೂ ರಾಕ್ಷಸ ರಂಗದ ಮೇಲೇ ಇರ್ತಾನೆ. ಪ್ರಸಂಗ ಬೆಳಗಿನ ತನಕ ನಡೆಯುತ್ತೆ. ಜ್ಯಾಕರ್ಲಿ ಎರಡು ನಿಮಿಷ ನುಗ್ಗಿದರೂ ಮುಂದೆ ಇಡೀ ಸಿನಿಮಾ ಹಾಗೇ ಇತ್ತು, ನೀನೇ ನೋಡಿಕೋ, ನೀನೇ ಹೆದರಿಕೋ ಅಂತಿದ್ದ. ಇವರು ರಾಕ್ಷಸನನ್ನ ಮನೆಗೆ ಕಳಿಸಿ, ಚಂಡೆ ಮದ್ದಳೆ ಗಂಟು ಕಟ್ಟಿಸಿ, 'ರಾಕ್ಷಸ ಬಂದಿದ್ದ, ಕೂಗಿದ, ಸತ್ತ. ಲೈಕ್ ಮಾಡಿ' ಅಂತಾರೆ."

"ಅದು ಸರಿ," ಅಂದ ಗಿರಿ, ಒಪ್ಪದವನ ದನಿಯಲ್ಲಿ.

ಶಾಮಣ್ಣನಿಗೆ ಈಗ ಹುರುಪು. ಕೋಡುಬಳೆಯೂ ತಟ್ಟೆಯಿಂದ ಮೇಲೆದ್ದಿತು. 1958ರಲ್ಲಿ 'ಡಿನ್ನರ್ ವಿತ್ ಡ್ರ್ಯಾಕ್' ಅಂತ ಜ್ಯಾಕರ್ಲಿ ಒಂದು ಹಾಡು ಹಾಡಿದ್ದು, ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೆ ಏರಿದ್ದು, ಹಾಡು ಸ್ವಲ್ಪ ಹಸಿಬಿಸಿಯಾಯಿತು ಅಂತ ಟೀವಿ ನಿರೂಪಕ ಡಿಕ್ ಕ್ಲಾರ್ಕ್ ಮುಖ ಸಿಂಡರಿಸಿದ್ದಕ್ಕೆ ಗ್ರಾಮಫೋನ್ ತಟ್ಟೆಯ ಇನ್ನೊಂದು ಬದಿಗೆ ಸಾಧು ಸಾಹಿತ್ಯ ಹಾಕಿದ್ದು, 'ಕೂಲ್ ಗೂಲ್', ಅಂದರೆ ಕೂಲಾದ ಪಿಶಾಚಿ, ಅನ್ನೋ ಬಿರುದು ಕೊಟ್ಟದ್ದೂ ಅದೇ ಕ್ಲಾರ್ಕೇ ಅನ್ನೋದು, ಎಲ್ಲ ಹೇಳಿದ. 1960ರಲ್ಲಿ ಕೆನಡಿ, ನಿಕ್ಸನ್ ಚುನಾವಣೆಗೆ ನಿಂತಾಗ ಇವನೂ ತಮಾಷೆಗೆ ಅಧ್ಯಕ್ಷ ಪದವಿಗೆ ನಿಂತೆ ಅಂದನಂತೆ.

"ಗೆದ್ದನೇ?" ರಾಯರು.

"ಗೆದ್ದಿದ್ದರೆ ಸತ್ತವರ ಹೆಸರೂ ಮತದಾರರ ಪಟ್ಟಿಯಲ್ಲಿರೋದಕ್ಕೆ ಒಂದು ಅರ್ಥ ಬರ್ತಿತ್ತು. ಇನ್ನೊಂದು ಕೇಳಿ. ಹೆಂಡತಿಗೆ ಪೆಟ್ಟಿಗೆಯಲ್ಲಿ ತಲೆಯಡಿಗೆ ದಿಂಬಿಲ್ಲ, ನಿಮ್ಮ ಕೂದಲು ಕಳಿಸಿ, ತುಂಬಿ ದಿಂಬು ಮಾಡ್ತೀನಿ ಅಂದ. ಊರಿನ ಮಕ್ಕಳೆಲ್ಲ ಕತ್ತರಿ ಹಿಡಿದವು. ಸ್ಟೇಷನ್ನಿಗೆ ಕವರು ಕವರು ಕೂದಲು."

ವಿಮಲಕ್ಕನಿಗೆ ಇಲ್ಲಿಂದ ವಿಷಯ ಗಂಭೀರವಾಯಿತು. ಅವರು ಹೊರಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. "ಬದಲಿಗೆ ಏನು ಕೊಟ್ಟ?"

"ಏನೂ ಇಲ್ಲ."

"ಏನೂ ಇಲ್ಲವಾ? ನಮ್ಮ ಬೀದಿಗೆ ಬರ್ತಿದ್ದ ಕೂದಲಿನವನು ಒಂದು ಹಿಡಿಗೆ ಏರ್‌ಪಿನ್ನು, ಬಲೂನು ಕೊಡ್ತಿದ್ದ. ಜಾಸ್ತಿ ಇದ್ದರೆ ಸ್ಟೀಲ್ ಬಟ್ಟಲು. ನಾನು ಬಾಚಣಿಗೆ ಕೂದಲನ್ನ ಕಿಟಕಿ ಸಂದಿಯಲ್ಲಿ ಉಂಡೆ ಮಾಡಿ ಇಡ್ತಿದ್ದೆ. ಆ ಸಾರಿನ ಸೌಟು ಉಂಟಲ್ಲ, ಅದು ನನ್ನ ಬಾಣಂತನದ ಕೂದಲಿಂದ ಬಂದದ್ದು."

ಮೂವರೂ ಒಂದು ಕ್ಷಣ ಮಧ್ಯಾಹ್ನದ ಸಾರನ್ನು ನೆನೆದರು.

"ಜ್ಯಾಕರ್ಲಿಗೂ ಇಷ್ಟು ಹೊಳೆದಿರಲಾರದು," ಅಂದ ಶಾಮಣ್ಣ.

"ಆದರೆ ನೀನು ಇದನ್ನೆಲ್ಲ ನೋಡಿದ್ದು ಯಾವಾಗಯ್ಯ?" ರಾಯರ ಆಡಿಟರ್ ಬುದ್ಧಿ ಎದ್ದಿತು. "1957ರಲ್ಲಿ ನಮ್ಮ ದೇಶದಲ್ಲೇ ಟೀವಿ ಇರಲಿಲ್ಲ. ದಿಲ್ಲಿಯಲ್ಲಿ ಶುರುವಾದದ್ದು 1959ರಲ್ಲಿ. ಬೆಂಗಳೂರಿಗೆ 1981."

"ನಾನೆಲ್ಲಿ ನೋಡಿದೆ ರಾಯರೇ? ಲೈವ್ ಮಾಡಿದ್ದು ಗಾಳಿಗೆ ಹೋಯ್ತು, ಉಳಿದಿರೋದು ತುಣುಕು ಮಾತ್ರ. ನಾನು ಮನುಷ್ಯನನ್ನ ನೋಡಿದ್ದು. ಅಳಿಯನ ಮನೆಗೆ ನ್ಯೂಜೆರ್ಸಿಗೆ ಹೋಗಿದ್ದೆನಲ್ಲ. ಅವನಿಗೆ ಹಳೇ ಪೋಸ್ಟರಿನ ಹುಚ್ಚು. ಚಿಲ್ಲರ್ ಥಿಯೇಟರ್ ಅಂತ ಅಲ್ಲೊಂದು ಜಾತ್ರೆ ನಡೆಯುತ್ತೆ, ಹಳೇ ದೆವ್ವದ ಚಿತ್ರದ ಅಭಿಮಾನಿಗಳದ್ದು. ದೊಡ್ಡ ಹೋಟೆಲ್ಲು, ಒಳಗೆಲ್ಲ ಅಂಗಡಿ. ಮುಖವಾಡ, ಗೊಂಬೆ, ಬಣ್ಣ ಮಾಸಿದ ಪತ್ರಿಕೆ. ಬಾ ಮಾವ ಅಂದ, ಹೋದೆ. ಒಂದು ಮೇಜಿನ ಹಿಂದೆ ಕರೀ ಕೋಟು ಹಾಕ್ಕೊಂಡು ಒಬ್ಬ ಮುದುಕ. ತೊಂಬತ್ತು ದಾಟಿತ್ತು. ಕೂದಲು ನಡುವೆ ಬೈತಲೆ ತೆಗೆದು ಎರಡೂ ಕಡೆಗೆ ಬಾಚಿದ್ದ. ಎದುರಿಗೆ ಕ್ಯೂ."

"ಹುಡುಗರದ್ದಾ?" ಗಿರಿ ಕೇಳಿದ.

"ಹುಡುಗರೇ ಅನ್ನು. ಅರವತ್ತು, ಅರವತ್ತೈದರ ಹುಡುಗರು. ಒಬ್ಬೊಬ್ಬರದೂ ಅದೇ ಕತೆ. ಅಪ್ಪ ಅಮ್ಮ ಮಲಗಿದ ಮೇಲೆ ಕಳ್ಳಹೆಜ್ಜೆಯಲ್ಲಿ ಎದ್ದು ಬಂದು, ಟೀವಿ ದನಿ ಪೂರ್ತಿ ಸಣ್ಣದು ಮಾಡಿ, ಪರದೆಗೆ ಮೂಗು ಹಚ್ಚಿ ನೋಡ್ತಿದ್ದರಂತೆ. ಅವನ ಹತ್ತಿರ ಹೇಳೋವಾಗ ಈಗಲೂ ದನಿ ತಗ್ಗಿಸ್ತಿದ್ದರು, ಅಮ್ಮ ಎದ್ದುಬಿಡ್ತಾಳೆ ಅನ್ನೋ ಹಾಗೆ. ಕ್ಯೂನಲ್ಲಿ ಅರ್ಧ ಜನಕ್ಕೆ ತಲೆಯಲ್ಲಿ ಕೂದಲಿರಲಿಲ್ಲ. ಎಲ್ಲ ದಿಂಬಿಗೆ ಹೋಗಿರಬೇಕು."

ನಗು ಬಂತು, ಆದರೆ ಸಣ್ಣದಾಗಿ.

"ಒಬ್ಬ ಮೊಮ್ಮಗಳನ್ನ ಕರಕೊಂಡು ಬಂದಿದ್ದ. ಅವಳಿಗೆ ಈ ಮುದುಕ ಯಾರು ಅಂತಲೇ ಗೊತ್ತಿಲ್ಲ. ಅಜ್ಜ ಅಳ್ತಿರೋದನ್ನ ನೋಡಿ ತಬ್ಬಿಬ್ಬು. ಜ್ಯಾಕರ್ಲಿ ಎದ್ದು ನಿಂತು ಕೈ ಕುಲುಕಿದ. ಎಲ್ಲರಿಗೂ ಎದ್ದು ನಿಲ್ತಿದ್ದ ಕಣಯ್ಯ, ಆ ವಯಸ್ಸಲ್ಲಿ."

"ದೆವ್ವದ ಸಿನಿಮಾದವನಿಗೆ ಅಳೋದ್ಯಾಕೆ?" ಅಂದರು ರಾಯರು. ಅಂದರೇ ಹೊರತು ಅವರ ದನಿಯಲ್ಲಿ ಚೇಷ್ಟೆ ಇರಲಿಲ್ಲ.

"ಸಿನಿಮಾಕ್ಕೆ ಅಲ್ಲ ರಾಯರೇ. ಡ್ರಾಕುಲಾ ಪಾರ್ಟು ಮಾಡಿದ ಬೆಲಾ ಲುಗೋಸಿ ಪಾಪ, ಅವನನ್ನ ಡ್ರಾಕುಲಾದ ನಿಲುವಂಗಿಯಲ್ಲೇ ಹೂಳಿದರು, 1956ರಲ್ಲಿ. ಮರುವರ್ಷ ಅವನ ಚಿತ್ರ ಮನೆಮನೆಗೆ ಬಂತು, ಅವನು ನೋಡಲಿಲ್ಲ. ಆ ಮಕ್ಕಳಿಗೆ ಅವನು ಪರದೆಯ ಮೇಲಿನ ನೆರಳು. ಇವನು ಹಾಗಲ್ಲ. ಅವರ ಜೊತೆ ಕೂತು ನೋಡಿದೋನು. ಚಿತ್ರ ಮುಗಿದು ಮನೆಯೆಲ್ಲ ಕತ್ತಲು, ಹಾಸಿಗೆ ತನಕ ಒಬ್ಬನೇ ನಡಕೊಂಡು ಹೋಗಬೇಕು. ಆಗ ಇವನು ಪರದೆಯಿಂದ ನೇರ ನೋಡಿ 'ಗುಡ್ ನೈಟ್, ನೀವು ಏನೇ ಆಗಿರಿ' ಅಂತಿದ್ದ. ದಿನಾ ಅದೇ ಮಾತು. ಮನುಷ್ಯರೋ, ದೆವ್ವವೋ, ಎಂಟನೇ ಕ್ಲಾಸಲ್ಲಿ ಫೇಲಾದೋರೋ, ಯಾರಾದರೂ ಸರಿ, ಗುಡ್ ನೈಟ್. ಈಗ ಏನಿದೆ? ಚಿತ್ರ ಮುಗಿಯೋಕೆ ಮುಂಚೆ ಮೂಲೆಯಲ್ಲಿ ಇನ್ನೊಂದು ಚಿತ್ರ, ಐದು, ನಾಲ್ಕು, ಮೂರು, ಎರಡು ಅಂತ. ಗುಡ್ ನೈಟ್ ಅನ್ನೋರು ಯಾರು?"

ಗಿರಿ ಫೋನನ್ನು ಮಗುಚಿ ತೊಡೆಯ ಮೇಲಿಟ್ಟ.

"ನಮ್ಮೋನು ಅಂತಾನೆ," ಅಂದ.

"ಯಾರು?"

"ಎಕ್ಸ್‌ಪ್ಲೇನ್ ಮಾಡೋನು. ಕೊನೇಲಿ 'ಸರಿ ಫ್ರೆಂಡ್ಸ್, ಊಟ ಮಾಡಿ, ಆರಾಮಾಗಿ ಮಲ್ಕೊಳ್ಳಿ, ನಾಳೆ ಸಿಗೋಣ' ಅಂತಾನೆ. ಬೆಂಗಳೂರಲ್ಲಿ ನನ್ನ ರೂಮ್‌ಮೇಟಿಗೆ ರಾತ್ರಿ ಪಾಳಿ ಶಾಮಣ್ಣ. ನನಗೆ ವರ್ಕ್ ಫ್ರಮ್ ಹೋಮು. ಪೀಜಿಯವರು ಡಬ್ಬಿ ಬಾಗಿಲ ಹತ್ತಿರ ಇಟ್ಟು ಹೋಗ್ತಾರೆ. ಒಬ್ಬನೇ ತಿನ್ನೋವಾಗ ಯಾರಾದರೂ ಮಾತಾಡ್ತಾ ಇರಲಿ ಅಂತ ಹಾಕ್ಕೊಳ್ಳೋದು. ಪೂರ್ತಿ ಸಿನಿಮಾ ಹಾಕಿದರೆ ಅದರಲ್ಲಿ ಯಾರೂ ನನ್ನ ಜೊತೆ ಮಾತಾಡಲ್ಲ, ಅವರವರೇ ಮಾತಾಡ್ಕೋತಾರೆ. ಅದೂ ಅಲ್ಲದೆ," ಗಿರಿ ಕತ್ತು ತುರಿಸಿಕೊಂಡ, "ನನಗೆ ಹಾರರ್ ನೋಡೋಕೆ ಭಯ."

ಜಗಲಿ ಸುಮ್ಮನಾಯಿತು. ಎದುರು ಬಿಲ್ಡಿಂಗಿನಲ್ಲಿ ಅಸ್ಥಿಪಂಜರಕ್ಕೆ ಅವರಮ್ಮ ಹೋಮ್‌ವರ್ಕ್ ಎಲ್ಲಿ ಅಂತ ಬೈಯುತ್ತಿದ್ದುದು ಕೇಳಿಸಿತು. ವಿಮಲಕ್ಕ ಎದ್ದು ಹೋಗಿ ಗಿರಿಯ ತಟ್ಟೆಗೆ ಇನ್ನೆರಡು ಕೋಡುಬಳೆ ಹಾಕಿದರು. ಅವರ ಭಾಷೆಯಲ್ಲಿ ಅದು ದೊಡ್ಡ ಸಂತಾಪ ಸೂಚಕ ನಿರ್ಣಯ.

ಶಾಮಣ್ಣ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ, ಹಾಕಿಕೊಂಡ. "ಅದೆಲ್ಲ ಸರಿ. ಆದರೂ ಒಂದು ಕೇಳ್ತೀನಿ. ಒಂದೂವರೆ ಸ್ಪೀಡು ಯಾಕೋ? ರಾತ್ರಿ ಹೊತ್ತು ಮಾತಾಡಿಸೋಕೆ ಅಂತ ಇರೋನು ಅವನೊಬ್ಬ. ಅವನನ್ನೂ ಬೇಗ ಬೇಗ ಹೇಳಿ ಜಾಗ ಖಾಲಿ ಮಾಡು ಅಂತೀಯಲ್ಲ!"

ಗಿರಿ ಉತ್ತರ ಕೊಡಲಿಲ್ಲ. ನಕ್ಕ ಅಂತಲೇ ಅನ್ನಬಹುದು.

"ಮುಂದಿನ ಶನಿವಾರ ಊರಿಗೆ ಬರ್ತೀಯೇನೋ?" ರಾಯರು ಕೇಳಿದರು.

"ಬರ್ತೀನಿ. ಯಾಕೆ?"

"ನಮ್ಮ ಟೀವಿ ದೊಡ್ಡದಿದೆ. ಇಲ್ಲೇ ಹಾಕೋಣ ಆ ಡ್ರಾಕುಲಾನ. 75 ನಿಮಿಷ ಪೂರ್ತಿ. ಒಂಬತ್ತಕ್ಕೆ ಶುರುಮಾಡಿದರೆ ಹತ್ತೂ ಕಾಲಿಗೆ ಮುಗೀತದೆ."

"ಮಧ್ಯೆ ನಾನು ನುಗ್ಗೋ ಹೊತ್ತು ಸೇರಿಸಿ ರಾಯರೇ," ಅಂದ ಶಾಮಣ್ಣ. "ಹತ್ತೂ ಮುಕ್ಕಾಲು ಅಂತಿಟ್ಟುಕೊಳ್ಳಿ. ನನಗೊಂದು ಕರೀ ಕೋಟು ಬೇಕು."

"ನನ್ನ ಮದುವೆ ಕೋಟು ಬೀರುವಿನಲ್ಲಿದೆ. ಹಾಕ್ಕೊಂಡಾಗಲೇ ಜನ ಹೆದರಿದ್ದರು."

"ಯಾರು ಹೆದರಿದ್ದು? ನಾನೊಬ್ಬಳು ಹೆದರಬೇಕಿತ್ತು, ಹೆದರಲಿಲ್ಲ, ಅದೇ ತಪ್ಪಾಯ್ತು," ಅಂದರು ವಿಮಲಕ್ಕ.

"ಆರ್ಮಡಿಲ್ಲೊ ಬಂದಾಗ ನಿಲ್ಲಿಸಿ ತೋರಿಸ್ತೀರಾ?" ಗಿರಿ ಕೇಳಿದ.

"ನಿಲ್ಲಿಸೋದಿಲ್ಲ. ಕಣ್ಣು ಬಿಟ್ಟುಕೊಂಡು ಕೂತಿರು, ಕಂಡರೆ ಕಾಣುತ್ತೆ. ಅತ್ತಿಗೆ, ಒಂದು ಒಳ್ಳೇ ಹೂಕೋಸು ಬೇಕಾಗುತ್ತೆ, ದೊಡ್ಡದು. ಒಂದು ಬಾಟಲಿ ಚಾಕಲೇಟ್ ಸಿರಪ್ಪು ನಾನೇ ತರ್ತೀನಿ."

"ಹೂಕೋಸು ತರಿಸ್ತೇನೆ," ಅಂದರು ವಿಮಲಕ್ಕ, ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತ. "ಆದರೆ ಆಪರೇಷನ್ನಿಗೆ ಕೂರೋ ಮೊದಲು ಬಿಸಿ ಉಪ್ಪುನೀರಲ್ಲಿ ನೆನೆಸಿ ಹುಳ ತೆಗೀಬೇಕು. ಮತ್ತೆ ಆ ಸಿರಪ್ಪು ಮೇಲೆ ಒಂದು ಹನಿ ಬಿದ್ದರೂ ಆಗೂದಿಲ್ಲ, ಭಾನುವಾರ ನನಗದು ಪಲ್ಯಕ್ಕೆ ಬೇಕು."